ಕರೇಕಲ್ಲಹಟ್ಟಿಯ ಶಾಲಾ ರೇಡಿಯೋ

ಎಪ್ಪತ್ತಾರನೇ ಇಸವಿಯಲ್ಲಿ ಹೊಳಲ್ಕೆರೆಯ ವಿಜ್ಞಾನದ ಮೇಷ್ಟ್ರು ಹನುಮಂತಯ್ಯನವರಿಗೆ ಚಿತ್ರದುರ್ಗದ ಶಿಕ್ಷಣ ಕಚೇರಿಯಿಂದ ಆದೇಶ ಬಂತು. ಸರ್ಕಾರಿ ಶಾಲೆಗಳಿಗೆ ಕೊಟ್ಟ ರೇಡಿಯೋಗಳು ಹೇಗಿವೆ, ಮಕ್ಕಳು ಅವುಗಳಲ್ಲಿ ಪಾಠ ಕೇಳುತ್ತಿದ್ದಾರೋ ಇಲ್ಲವೋ, ನೋಡಿಕೊಂಡು ಬರಬೇಕು. ರೇಡಿಯೋ ರಿಪೇರಿ ಬಲ್ಲವರೆಂದು ಅವರನ್ನು ಆರಿಸಿದ್ದರು. ರಿಪೇರಿ ಅವರಿಗೆ ಬರುತ್ತಿರಲಿಲ್ಲ. ಸ್ಟಾಫ್ ರೂಮಿನ ರೇಡಿಯೋ ಒಮ್ಮೆ ಅವರು ಮೊಟಕಿದ ಮೇಲೆ ಮಾತಾಡಿತ್ತು, ಅಷ್ಟೆ.

ಮೊದಲು ಹೋದ ಊರಿನಲ್ಲಿ ರೇಡಿಯೋ ಬೀರುವಿನೊಳಗೆ ಪೆಟ್ಟಿಗೆ ಸಮೇತ ಭದ್ರವಾಗಿತ್ತು. ಮಕ್ಕಳು ಮುಟ್ಟಿ ಕೆಡಿಸಿಯಾರೆಂದು ಹೆಡ್‌ಮಾಸ್ಟರು ಬಿಚ್ಚಿರಲಿಲ್ಲ. ಶುಕ್ರವಾರಕ್ಕೊಮ್ಮೆ ಕುಂಕುಮ ಹಚ್ಚುತ್ತಿದ್ದರು. ಇನ್ನೊಂದು ಊರಿನ ರೇಡಿಯೋ ಯಾರದೋ ಮದುವೆಗೆ ಹೋಗಿತ್ತು. ಆ ದಂಪತಿಗೆ ಈಗ ಮಗುವಾಗಿತ್ತು, ರೇಡಿಯೋ ವಾಪಸಾಗಿರಲಿಲ್ಲ. ಹನುಮಂತಯ್ಯ ಕಂಡದ್ದನ್ನು ಕಂಡಂತೆ ಬರೆದುಕೊಂಡರು.

ಕೊನೆಗೆ ಉಳಿದದ್ದು ಧರ್ಮಪುರದಿಂದಾಚೆಯ ಕರೇಕಲ್ಲಹಟ್ಟಿ. ಬಸ್ಸಿಳಿದು ಕಡಲೆಕಾಯಿ ಹೊಲಗಳ ಬದುವಿನ ಮೇಲೆ ನಡೆದು ಊರು ಮುಟ್ಟುವಾಗ ಶಾಲೆಯಿಂದ ರೇಡಿಯೋ ಪಾಠ ಕೇಳಿಸಿತು. ಅವರಿಗೆ ನಿಜವಾಗಿಯೂ ಖುಷಿಯಾಯಿತು.

ಮೇಜಿನ ಮೇಲೆ ಕ್ರೋಷಾ ಹೆಣಿಗೆಯ ಬಟ್ಟೆ ಹೊದ್ದ ರೇಡಿಯೋ, ಮುಂದೆ ಚಕ್ಕಳಮಕ್ಕಳ ಹಾಕಿ ಕೂತ ಮಕ್ಕಳು. ಟೀಚರು ಕಾಣಲಿಲ್ಲ. ಹಿಂದಿನ ಸಾಮಾನಿನ ಕೋಣೆಯ ಬಾಗಿಲಿಗೆ ಸೀರೆಯ ಪರದೆ ಇಳಿಬಿದ್ದಿತ್ತು. ಹನುಮಂತಯ್ಯ ಸದ್ದಿಲ್ಲದೆ ಹಿಂದೆ ಕೂತರು.

ರೇಡಿಯೋ ನೀರು ಆವಿಯಾಗುವುದನ್ನು ವಿವರಿಸುತ್ತಿತ್ತು. ನಡುವೆ ಕೆಮ್ಮಿತು. ಆಮೇಲೆ, "ಪುಟ್ಟಕ್ಕ, ನೆಟ್ಟಗೆ ಕುಂತ್ಕ" ಎಂದಿತು.

ಮುಂದಿನ ಸಾಲಿನ ಹುಡುಗಿಯೊಬ್ಬಳು ನೆಟ್ಟಗೆ ಕೂತಳು. ಹನುಮಂತಯ್ಯನವರೂ ಬೆನ್ನು ನೆಟ್ಟಗೆ ಮಾಡಿಕೊಂಡರು.

ಹಸಿ ಬಟ್ಟೆಯೊಳಗಿನ ನೀರು ಒಣಗಿದ ಮೇಲೆ ಎಲ್ಲಿ ಹೋಗುತ್ತದೆಂದು ಪುಟ್ಟಕ್ಕ ಕೇಳಿದಳು. ರೇಡಿಯೋ ಸ್ವಲ್ಪ ಯೋಚಿಸಿ ಉತ್ತರ ಕೊಟ್ಟಿತು. ಬೆಂಗಳೂರು ಕೇಂದ್ರದವರು ಇಷ್ಟು ವಿಚಾರಿಸಿಕೊಂಡು ಮಾತಾಡುವುದನ್ನು ಹನುಮಂತಯ್ಯ ಹಿಂದೆಂದೂ ಕೇಳಿರಲಿಲ್ಲ. ಪಾಠ ಮುಗಿದು ಮಕ್ಕಳು ಹೊರಗೋಡಿದ ಮೇಲೆ ಎದ್ದು ಹೋಗಿ ರೇಡಿಯೋದ ಬೆನ್ನು ತಡವಿದರು. ಬ್ಯಾಟರಿ ಇರಬೇಕಾದ ಜಾಗ ಖಾಲಿಯಿತ್ತು.

ಪರದೆ ಸರಿಸಿಕೊಂಡು ಬಂದ ಟೀಚರು ಶಾಂತಕ್ಕ ಅವರನ್ನು ಕಂಡು ನಿಂತಲ್ಲೇ ನಿಂತರು. ಇಡೀ ಶಾಲೆಗೆ ಅವರೊಬ್ಬರೇ ಟೀಚರು. ಕೈಯಲ್ಲಿ ಪಾಠದ ಪುಸ್ತಕ, ಮೂಗಿನ ಮೇಲೆ ಬೆವರು. ಬ್ಯಾಟರಿ ಸತ್ತು ವರ್ಷದ ಮೇಲಾಯಿತು, ಹೊಸದನ್ನು ಕೇಳಿ ಕೇಳಿ ಸಾಕಾಯಿತು ಎಂದರು. ಬ್ಯಾಟರಿ ಇಲ್ಲದಿದ್ದರೆ ಎದುರಿಗೇ ನಿಂತು ಪಾಠ ಮಾಡಬಹುದಿತ್ತಲ್ಲ ಎಂದು ಹನುಮಂತಯ್ಯ ಕೇಳಿದರು.

"ಎದುರಿಗೆ ನಿಂತು ಹೇಳಿದ್ರೆ ಗಲಾಟೆ ಮಾಡ್ತವೆ ಸಾರ್. ರೇಡಿಯೋ ಹೇಳಿದ್ರೆ ಕೇಳ್ತವೆ. ದೊಡ್ಡ ಹುಡುಗ್ರಿಗೆ ಗೊತ್ತೈತೆ. ಅವೂ ಬಾಯಿ ಬಿಟ್ಟಿಲ್ಲ."

ಆಕೆ ಪುಸ್ತಕವನ್ನು ಮೇಜಿನ ಮೇಲಿಟ್ಟು ಒಳಗೆ ಹೋದರು. ಕುಡಿಯಲು ನೀರು ತಂದು ಕೊಟ್ಟರು.

ಹನುಮಂತಯ್ಯ ವರದಿಯಲ್ಲಿ 'ರೇಡಿಯೋ ಕೆಲಸ ಮಾಡುತ್ತಿಲ್ಲ' ಎಂದು ಬರೆದರು. ಕೆಳಗೆ 'ಮಕ್ಕಳು ಪಾಠವನ್ನು ತಪ್ಪದೆ ಕೇಳುತ್ತಿದ್ದಾರೆ' ಎಂದೂ ಬರೆದರು. ಎರಡೂ ನಿಜವಾಗಿದ್ದವು. ಚಿತ್ರದುರ್ಗದ ಕಚೇರಿಯ ಸಾಹೇಬರು ಕರೆಸಿ, ಎರಡರಲ್ಲಿ ಒಂದನ್ನು ಹೊಡೆದುಹಾಕಲು ಹೇಳಿದರು. ಹನುಮಂತಯ್ಯ ಒಪ್ಪಲಿಲ್ಲ. ಸಾಹೇಬರು ನಗದೆ, ಸಿಟ್ಟೂ ಮಾಡಿಕೊಳ್ಳದೆ, ಮೊದಲನೆಯದನ್ನು ತಾವೇ ಹೊಡೆದುಹಾಕಿದರು. ಹೀಗಾಗಿ ಕರೇಕಲ್ಲಹಟ್ಟಿ ಜಿಲ್ಲೆಯಲ್ಲೇ ಚೆನ್ನಾಗಿ ರೇಡಿಯೋ ಕೇಳುವ ಶಾಲೆಯಾಯಿತು. ಮುಂದಿನ ವಾರ ತಾವೇ ಹೋಗಿ ನೋಡುವುದಾಗಿ ಸಾಹೇಬರು ಹೇಳಿದರು.

ಹನುಮಂತಯ್ಯನವರಿಗೆ ಊಟ ಸೇರಲಿಲ್ಲ. ಶಾಂತಕ್ಕನ ನೌಕರಿಗೆ ತಮ್ಮಿಂದಲೇ ಕುತ್ತು ಬಂತಲ್ಲ ಎನಿಸಿತು. ಸ್ಟಾಫ್ ರೂಮಿನ ರೇಡಿಯೋದಿಂದ ಇಟ್ಟಿಗೆ ಗಾತ್ರದ ಬ್ಯಾಟರಿ ಕಿತ್ತು, ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಧರ್ಮಪುರದವರೆಗೂ ತೊಡೆಯ ಮೇಲಿಟ್ಟುಕೊಂಡು ಹೋದರು. ಪಕ್ಕದಲ್ಲಿ ಕೂತಿದ್ದ ಮುದುಕಿ ಅದು ಮಗುವೆಂದುಕೊಂಡು ಜಾಗ ಬಿಟ್ಟುಕೊಟ್ಟಳು.

ಕರೇಕಲ್ಲಹಟ್ಟಿಯ ರೇಡಿಯೋಗೆ ಬ್ಯಾಟರಿ ಹಾಕಿದೊಡನೆ ಬೆಂಗಳೂರು ಬಂತು. ಗಂಡು ದನಿಯೊಂದು ಬೇರುಗಳ ಪಾಠ ಶುರುಮಾಡಿತು. ಶಾಂತಕ್ಕ ಮೊದಲ ಬಾರಿಗೆ ಮಕ್ಕಳ ನಡುವೆ ಕೂತು ಕೇಳಿದರು. ತಮ್ಮ ಕೆಲಸ ಹೋಯಿತೋ, ಹಗುರವಾಯಿತೋ ಅವರಿಗೇ ತಿಳಿಯದು. ಪುಟ್ಟಕ್ಕ ಎದ್ದು, ಕಲ್ಲಿನೊಳಗೆ ಬೇರು ಹೇಗೆ ಇಳಿಯುತ್ತದೆಂದು ಕೇಳಿದಳು. ದನಿ ತನ್ನ ಪಾಡಿಗೆ ಮುಂದಕ್ಕೆ ಹೋಯಿತು. ಪುಟ್ಟಕ್ಕ ಮತ್ತೆ ಕೇಳಿ, ಕಾದು, ಶಾಂತಕ್ಕನ ಕಡೆ ತಿರುಗಿದಳು.

"ಟೀಚರಮ್ಮ, ಇದು ಕೆಟ್ಟೈತೆ."

ಶಾಂತಕ್ಕ ಹನುಮಂತಯ್ಯನವರ ಮುಖ ನೋಡಿದರು. ಎದ್ದು ಹೋಗಿ ಗುಂಡಿ ತಿರುಗಿಸಿ ಬೆಂಗಳೂರನ್ನು ಸುಮ್ಮನಾಗಿಸಿ, ಮೇಜಿಗೊರಗಿ ಉತ್ತರ ಹೇಳತೊಡಗಿದರು. ಪರದೆಯ ಹಿಂದಿನ ಅದೇ ದನಿ. ಮಕ್ಕಳು ಗಲಾಟೆ ಮಾಡಲಿಲ್ಲ.

ಮುಂದಿನ ವಾರ ಸಾಹೇಬರು ಬಂದು, ಕುರ್ಚಿ ಹಾಕಿಸಿಕೊಂಡು ಪಾಠ ಕೇಳಿದರು. ರೇಡಿಯೋ ಚೆನ್ನಾಗಿದೆಯೆಂದು ಮೆಚ್ಚಿದರು. ಅದನ್ನು ನಡುನಡುವೆ ಆರಿಸುವುದೇಕೆಂದು ಮಾತ್ರ ತಿಳಿಯದೆ ಕೇಳಿದರು.

"ಮಕ್ಳು ಏನೋ ಕೇಳ್ತಾ ಅವೆ ಸಾರ್" ಎಂದರು ಶಾಂತಕ್ಕ.