ಜನ ಹಾಡಬೇಕಾದ ಸಾಲು

ಪೆಟ್ಟಿಗೆ ಮೇಷ್ಟ್ರಿಗೆ ಕೋಪ ಮೂಗಿನ ತುದೀಲೇ. ನಾಟಕಕ್ಕೆ ಹಾರ್ಮೋನಿಯಂ ನುಡಿಸೋರೂ ಅವರೇ, ರಾಗ ಹಾಕಿದೋರೂ ಅವರೇ. ಗಿರಣಿ ಮುಷ್ಕರದ ಕಾಲದಲ್ಲಿ ಹುಟ್ಟಿದ ನಾಟಕ ಅದು. ನೂಲು ಸುತ್ತೋ ಹುಡುಗಿ, ಕರಪತ್ರ ಅಚ್ಚು ಹಾಕೋ ಹುಡುಗ, ಅವರಿಬ್ಬರ ಪ್ರೀತಿ, ಸುತ್ತ ಬೀದಿಗಿಳಿದ ಜನ. ಆವತ್ತು ಹುಡುಗಿ ಪಾರ್ಟು ಮಾಡಿದೋಳು ಮೇಷ್ಟ್ರ ಹೆಂಡತಿ. ಅದೇ ತಪ್ಪಿಗೆ ಗಿರಣಿ ಕೆಲಸಾನೂ ಕಳ್ಕೊಂಡಿದ್ದಳು. ಈಗ ಅದೇ ನಾಟಕ ಹೊಸ ಪರದೆ ಹೊಸ ದೀಪದ ಜೊತೆ ಮತ್ತೆ ಬರ್ತಿದೆ ಅಂದಾಗ ಗಂಡ ಹೆಂಡತಿ ಹಿರಿಹಿರಿ ಹಿಗ್ಗಿದ್ದರು.

ರಿಹರ್ಸಲ್ ಶುರುವಾದ್ದೇ ತಡ, ಹಿಗ್ಗೆಲ್ಲ ಇಳಿದುಹೋಯ್ತು. ಮೊನ್ನೆ ಮೊನ್ನೆ ಮೀಸೆ ಬಂದ ನಿರ್ದೇಶಕ, ಮುಷ್ಕರದ ಹಾಡಿಗೇ ಕತ್ತರಿ ಹಾಕಿದ್ದ!

"ಅದನ್ನೇ ಕಿತ್ತರೆ ಇನ್ನೇನಪ್ಪಾ ಉಳಿಯತ್ತೆ?"

"ಪ್ರೀತಿ ಉಳಿಯತ್ತಲ್ಲ ಸರ್. ಹಳೇ ಕಾಲದ ಬಟ್ಟೆ, ಲಾಟೀನು, ಸೈಕಲ್ಲು. ಜನ ಬರೋದೇ ಅದಕ್ಕೆ. ಮಂತ್ರಿಗಳು ಬೇರೆ ಬರ್ತಾರೆ, ಸುಮ್ನೆ ಯಾಕೆ ಗಲಾಟೆ?"

"ಗಲಾಟೆ ಮಾಡಿದ್ದಕ್ಕೇ ಕಣಯ್ಯಾ ಅದು ನಾಟಕ ಆಗಿದ್ದು!"

"ಕಾಲಕ್ಕೆ ತಕ್ಕಂತೆ ಕೋಲ, ಸರ್" ಅಂತ ನಕ್ಕ ಆ ಮಹಾನುಭಾವ. ಆಮೇಲೆ ಮೇಷ್ಟ್ರು ಎಷ್ಟು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂಗೆ.

ಆದ್ರೆ ಮೇಷ್ಟ್ರೇನು ಬಿಡೋ ಆಸಾಮಿಯಾ? ಪ್ರೀತಿ ಹಾಡಿಗೂ ಮುಷ್ಕರದ ಹಾಡಿಗೂ ಅವರು ಹಾಕಿದ್ದು ಒಂದೇ ರಾಗ. ನಿಧಾನಕ್ಕೆ ನುಡಿಸಿದರೆ ಪ್ರೀತಿ, ನಡೆ ಜೋರು ಮಾಡಿದರೆ ಮುಷ್ಕರ. ಮುಷ್ಕರದ ಹಾಡಲ್ಲಿ ಸಾಲು ಮುಗಿದ ಕಡೆಯೆಲ್ಲ ಒಂಚೂರು ಜಾಗ ಬಿಡೋರು. ವೇದಿಕೆಯಿಂದ "ನೂಲು ಯಾರ ಬೆವರು?" ಅಂದರೆ ಆ ಜಾಗದಲ್ಲಿ ಇಡೀ ಸಭೆ "ನಮ್ಮ ಬೆವರು!" ಅನ್ನೋದು.

"ಮಾತು ಕೀಳಬಹುದು, ರಾಗ ಕೀಳೋಕಾಗತ್ತಾ?" ಅಂತ ಮನೇಲಿ ಮೇಷ್ಟ್ರು ಕೂಗಾಡಿದರು. "ಪ್ರೀತಿ ಹಾಡನ್ನೇ ಜೋರಾಗಿ ನುಡಿಸಿ ಜಾಗ ಬಿಡ್ತೀನಿ. ಹಳಬರು ತಾವಾಗೇ ಹಾಡ್ತಾರೆ ನೋಡ್ತಿರು."

"ನೀವೂ ನಿಮ್ಮ ಹಟಾನೂ. ಅನ್ನ ಆರಿಹೋಗತ್ತೆ, ಬನ್ನಿ" ಅಂದಳು ಹೆಂಡತಿ.

ಮೊದಲ ಪ್ರದರ್ಶನಕ್ಕೆ ಸಭಾಂಗಣ ತುಂಬಿತ್ತು. ಬಿಳಿ ತಲೆಗಳೂ ಬೇಕಾದಷ್ಟು ಕಂಡವು. ಪ್ರೀತಿ ಹಾಡು ಬಂದದ್ದೇ ಮೇಷ್ಟ್ರು ನಡೆ ಏರಿಸಿದರು. ನಾಯಕ ನಾಯಕಿ ಕಕ್ಕಾಬಿಕ್ಕಿಯಾಗಿ, ಬೇರೆ ದಾರಿ ಕಾಣದೆ ಕುಣಿಯೋಕೆ ಶುರು ಮಾಡಿದರು. ಮೊದಲ ಸಾಲು ಮುಗೀತು. ಮೇಷ್ಟ್ರು ಜಾಗ ಬಿಟ್ಟರು. ಸಭೆಯಿಂದ ಒಂದು ಕೆಮ್ಮು ಬಂತು, ಅಷ್ಟೇ.

ಎರಡನೇ ಸಾಲಿಗೆ ಜನ ಚಪ್ಪಾಳೆ ಹೊಡೆದರು, ಅದೂ ಕುಣಿತದ ತಾಳಕ್ಕೆ! ಮಂತ್ರಿ ತಲೆ ತೂಗಿದ. ಪರದೆ ಮರೆಯಿಂದ ನಿರ್ದೇಶಕ "ಸೂಪರ್ ಸರ್" ಅಂತ ಹೆಬ್ಬೆರಳೆತ್ತಿದ. ಅಯ್ಯೋ ದೇವರೇ, ಮೇಷ್ಟ್ರ ಮೈಯೆಲ್ಲ ಉರಿದುಹೋಯ್ತು.

ಮೂರನೇ ಸಾಲು ಮುಗಿದಾಗ ಒಂದು ಒಡಕು ದನಿ ಎದ್ದಿತು. "ನಮ್ಮ ಬೆವರು!" ನೋಡಿದರೆ ಮೇಷ್ಟ್ರ ಹೆಂಡತಿ, ಸೆರಗು ಬಿಗಿದು ಎದ್ದು ನಿಂತಿದ್ದಾಳೆ.

"ಅಜ್ಜೀ, ಕೂತ್ಕೊಳ್ಳಿ, ಕಾಣ್ತಿಲ್ಲ" ಅಂದ ಹಿಂದಿನವನು. ನಾಲ್ಕು ಜನ ಕಿಸಕ್ಕನೆ ನಕ್ಕರು.

ಮೇಷ್ಟ್ರಿಗೆ ತಡೆಯಲಿಲ್ಲ. ಪೆಟ್ಟಿಗೆ ಮುಚ್ಚಿ, ಪಕ್ಕದ ಬಾಗಿಲಿಂದ ದಡದಡ ಹೊರಗೆ ಹೋದರು. ಮೇಳದಲ್ಲಿದ್ದ ಕೀಬೋರ್ಡಿನವನು ಹಾಡನ್ನ ನಿಧಾನಕ್ಕೆ ಎತ್ಕೊಂಡ. ನಾಟಕ ಎಲ್ಲೂ ನಿಲ್ಲಲಿಲ್ಲ.

ಹೊರಗೆ ಮೆಟ್ಟಿಲ ಹತ್ರ ಅವರು ಊರಿಗೆಲ್ಲ ಶಾಪ ಹಾಕ್ತಿದ್ದಾಗ ಹೆಂಡತಿ ಏದುಸಿರು ಬಿಡ್ತಾ ಬಂದಳು.

"ನೋಡಿದ್ಯಾ? ಒಬ್ಬರಾದ್ರೂ ಬಾಯಿ ಬಿಟ್ಟರಾ? ಹೇಡಿಗಳು! ಎಲ್ಲಾ ಮರೆತು ಕೂತಿದಾರೆ!"

"ನನ್ನ ಜೊತೆ ನೂಲು ಸುತ್ತಿದೋಳು ಪಕ್ಕದಲ್ಲೇ ಇದ್ದಳು ಕಣ್ರೀ" ಅಂದಳು ಹೆಂಡತಿ. ಅವಳಿಗೆ ಅಳು ಬರ್ತಿತ್ತು, ಸಿಟ್ಟೂ ಬರ್ತಿತ್ತು. "ನನ್ನ ನೋಡಿ ಅವಳೂ ಎದ್ದಳು. ಆ ಕಡೆ ಸಾಲಲ್ಲಿ ಇನ್ನಿಬ್ಬರು ಎದ್ದರು. ಮುಂದಿನ ಸಾಲಿಗೆ ಅಂತ ಎಲ್ಲರೂ ಉಸಿರು ಹಿಡ್ಕೊಂಡು ನಿಂತಿದ್ವಿ. ನೀವು ಪೆಟ್ಟಿಗೆ ಮುಚ್ಚಿಬಿಟ್ರಿ."

ಒಳಗೆ ಪ್ರೀತಿ ಹಾಡು ಮುಗಿದು ಜನ "ಒನ್ಸ್ ಮೋರ್" ಅಂತ ಕೂಗಿದರು. ಮೇಷ್ಟ್ರು ಬಾಯಿ ತೆರೆದರು. ಬೈಯೋಕೆ ಒಬ್ಬರೂ ಸಿಗಲಿಲ್ಲ.