ಪಾಸ್ಟರನ್ನು ಕೈಬಿಡದ ಇಬ್ಬರು

ಶಾಲೆಯ ಮಕ್ಕಳನ್ನು ಇಳಿಸಿ, ಬಸ್ಸನ್ನು ಶೆಡ್ಡಿನಲ್ಲಿ ನಿಲ್ಲಿಸಿ ಲೊರೆಟಾ ಸ್ಕ್ಯಾಗ್ಸ್ ಮನೆ ಸೇರುವಾಗ ಬೆಳಿಗ್ಗೆ ಒಂಬತ್ತೂವರೆಯಾಗಿತ್ತು. ಗಂಡ ವರ್ಲಿನ್ ಕಿಟಕಿಯ ಪಕ್ಕ ಮಲಗಿದ್ದ. ಇಪ್ಪತ್ತಾರು ವರ್ಷ ಕಲ್ಲಿದ್ದಲ ಗಣಿಯಲ್ಲಿ ದುಡಿದ ಮೈ. ಈಗ ಮೂಳೆಯೊಳಗೆಲ್ಲ ಕ್ಯಾನ್ಸರ್ ಹರಡಿತ್ತು. ಅವನ ನೋವಿನ ಮಾತ್ರೆಗೆಂದು ಬಚ್ಚಲುಮನೆಯ ಕಪಾಟು ತೆಗೆದ ಲೊರೆಟಾ ಹಾಗೇ ನಿಂತುಬಿಟ್ಟಳು. ಮುಂದಿನ ವಾರದವರೆಗೆ ಬರಬೇಕಿದ್ದ ಡಬ್ಬಿಯಲ್ಲಿ ಎರಡೇ ಮಾತ್ರೆ ಉಳಿದಿದ್ದವು.

ಹಿಂದಿನ ತಿಂಗಳೂ ಹೀಗೇ ಆಗಿತ್ತು. ಆಗ, ತಾನೇ ಎಲ್ಲೋ ಎಣಿಕೆ ತಪ್ಪಿರಬೇಕು ಎಂದುಕೊಂಡಿದ್ದಳು. ಆದರೆ ನಿನ್ನೆ ಮನೆಗೆ ಬಂದವರು ಒಬ್ಬರೇ. ಪಾಸ್ಟರ್ ಡೆನಿಸ್ ಹಾಲ್ಕಾಂಬ್. ವರ್ಲಿನ್‌ನ ಕೈ ಹಿಡಿದು ಪ್ರಾರ್ಥಿಸಿ, ಹೊರಡುವ ಮುಂಚೆ ಬಚ್ಚಲುಮನೆಗೆ ಹೋಗಿಬಂದಿದ್ದರು. ಎರಡು ವರ್ಷದ ಹಿಂದೆ ಅವರ ಬೆನ್ನಿಗೆ ಶಸ್ತ್ರಚಿಕಿತ್ಸೆಯಾಗಿದ್ದು ಅವಳಿಗೆ ನೆನಪಾಯಿತು.

ಅವಳು ನೇರವಾಗಿ ವೆಂಡೆಲ್ ಪ್ರೂಯಿಟ್‌ನ ಟೈರ್ ಅಂಗಡಿಗೆ ಹೋದಳು. ಒಹಾಯೊ ನದಿಯ ದಂಡೆಯ ಆ ಸಣ್ಣ ಮೆಥಡಿಸ್ಟ್ ಚರ್ಚಿಗೆ ಸಭಾಹಿರಿಯರೆಂದು ಇದ್ದವರು ಇವರಿಬ್ಬರೇ. ವಿಷಯ ಕೇಳಿ ವೆಂಡೆಲ್ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ.

"ಬೇರೆ ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ. ಹೇಳಿದ್ರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತೆ. ಹೇಳದಿದ್ರೆ ಪಾಸ್ಟ್ರು ಆ ಮಾತ್ರೆ ನುಂಗಿ ನುಂಗಿ ಸಾಯ್ತಾರೆ."

"ನಡಿ ಹಾಗಾದ್ರೆ. ಅವರ ಮುಂದೇನೇ ಹೇಳೋಣ."

ಒಂಟಿಯಾಗಿದ್ದ ಪಾಸ್ಟರ್ ತಮ್ಮ ಮನೆಯ ಅಡುಗೆಮನೆಯಲ್ಲಿ ಭಾನುವಾರದ ಉಪದೇಶಕ್ಕೆ ಪ್ರಸಂಗ ಬರೆಯುತ್ತಿದ್ದರು. ಲೊರೆಟಾ ಮಾತು ಮುಗಿಸುವ ಮೊದಲೇ ಅವರ ಮುಖ ಕೆಂಪೇರಿತು.

"ಒಂಬತ್ತು ವರ್ಷ ನಿಮ್ಮ ಸೇವೆ ಮಾಡಿದೀನಿ! ನನ್ನನ್ನ ಕಳ್ಳ ಅಂತೀರಾ?"

"ನಾನು ಆ ಮಾತು ಆಡಲಿಲ್ಲ ಪಾಸ್ಟ್ರೇ," ಎಂದಳು ಲೊರೆಟಾ. "ಹೋದ ತಿಂಗಳು ಮಾತ್ರೆ ಸಾಲದೆ ವರ್ಲಿನ್ ರಾತ್ರಿಯೆಲ್ಲ ದಿಂಬು ಕಚ್ಚಿಕೊಂಡಿದ್ದ. ನನಗೆ ಕೇಳಿಸಬಾರದು ಅಂತ. ಅದನ್ನ ನಿಮಗೆ ಹೇಳೋಕೆ ಬಂದೆ, ಅಷ್ಟೆ."

ಪಾಸ್ಟರ್ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು. ಕುರ್ಚಿಯಲ್ಲಿ ಕುಸಿದು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. "ಬೆನ್ನುನೋವಿಗೆ ಅಂತ ಶುರುವಾಯ್ತು," ಎಂದರು. "ಡಾಕ್ಟರು ಮಾತ್ರೆ ಬರೆಯೋದು ನಿಲ್ಲಿಸಿದ್ರು. ನನ್ನ ಕೈಲಿ ಬಿಡೋಕೆ ಆಗಲಿಲ್ಲ. ಈಗಲೇ ರಾಜೀನಾಮೆ ಬರೆದುಕೊಡ್ತೀನಿ. ಯಾರಿಗೂ ಹೇಳಬೇಡಿ. ಸದ್ದಿಲ್ಲದೆ ಊರು ಬಿಟ್ಟು ಹೋಗ್ತೀನಿ."

"ಹೋಗಿ? ಇನ್ನೊಂದು ಊರಲ್ಲಿ ಇನ್ಯಾರದೋ ಕಪಾಟು ತೆಗೀತೀರಾ?" ವೆಂಡೆಲ್‌ನ ದನಿ ಒರಟಾಗಿತ್ತು. "ನನ್ನ ತಮ್ಮನೂ ಹೀಗೇ ಮಾತ್ರೆ ಚಟಕ್ಕೆ ಬಿದ್ದಿದ್ದು ಮನೇಲಿ ಎಲ್ಲರಿಗೂ ಗೊತ್ತಿತ್ತು. ಮರ್ಯಾದೆ ಹೋಗುತ್ತೆ ಅಂತ ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ಅವನನ್ನ ಮಣ್ಣು ಮಾಡುವಾಗ ನೀವೇ ಪ್ರಾರ್ಥನೆ ಮಾಡಿದ್ರಿ. ಇನ್ನೊಂದು ಸಲ ಬಾಯಿ ಮುಚ್ಕೊಂಡು ಕೂರೋದು ನನ್ನಿಂದಾಗಲ್ಲ."

"ನಾನೇನು ಮಾಡಲಿ?"

"ಬಿಷಪ್ಪರ ಕಚೇರಿಗೆ ನೀವೇ ಫೋನ್ ಮಾಡಿ," ಎಂದಳು ಲೊರೆಟಾ. "ನಾವು ಪಕ್ಕದಲ್ಲೇ ಕೂತಿರ್ತೀವಿ."

ಪಾಸ್ಟರ್ ಫೋನ್ ಮಾಡಿದರು. ಭಾನುವಾರ ಸಭೆಯ ಮುಂದೆ ನಿಂತು, ಚಿಕಿತ್ಸೆಗೆ ಹೋಗುತ್ತಿರುವುದನ್ನೂ ಸೇರಿಸಿ ತಾವೇ ಎಲ್ಲವನ್ನೂ ಹೇಳಿದರು. ಇಬ್ಬರು ಮೂವರು ಎದ್ದು ಹೊರಗೆ ಹೋದರು. ಹಿಂದಿನ ಬೆಂಚಿನಿಂದ ಒಬ್ಬ ಮುದುಕ, "ಇಂಥವನ ಕೈಯಿಂದ ನಾವು ಕರ್ತನ ಭೋಜನದ ರೊಟ್ಟಿ ತಗೊಂಡ್ವಲ್ಲ!" ಎಂದು ಗದರಿದ. ಲೊರೆಟಾ ಎದ್ದು ನಿಂತಳು. "ಮಾತ್ರೆ ಕಳ್ಕೊಂಡಿದ್ದು ನನ್ನ ಗಂಡ. ಸಿಟ್ಟು ನನಗೂ ಇದೆ. ಆದ್ರೆ ಅವರು ವಾಸಿಯಾಗಿ ಬರಲಿ, ಆಮೇಲೆ ನನ್ನ ಸಿಟ್ಟು ತೀರಿಸ್ಕೋತೀನಿ." ಯಾರೋ ನಕ್ಕರು. ಮುದುಕ ಗೊಣಗುತ್ತಲೇ ಕೂತ.

ಮೂರು ತಿಂಗಳು ಪಾಸ್ಟರ್ ಚಿಕಿತ್ಸಾಕೇಂದ್ರದಲ್ಲಿದ್ದರು. ತಾವಿಲ್ಲದೆ ಚರ್ಚು ಮುಚ್ಚಿಹೋಗುತ್ತದೆ ಎಂಬ ಭಯ ಮೊದಲ ವಾರವೆಲ್ಲ ಅವರನ್ನು ಕಾಡಿತು. ಆದರೆ ಬಂದ ಪತ್ರಗಳು ಬೇರೆಯೇ ಕಥೆ ಹೇಳಿದವು. ಲೊರೆಟಾ ಬಸ್ಸಿನ ಕೆಲಸ ಮುಗಿಸಿ, ಗಂಡನ ಮಂಚದ ಪಕ್ಕ ಕೂತು ಪ್ರಸಂಗ ಬರೆಯುತ್ತಿದ್ದಳು. ಸಾಲದೆಂಬಂತೆ ವರ್ಲಿನ್ ಅದನ್ನು ತಿದ್ದುತ್ತಿದ್ದ. ವೆಂಡೆಲ್ ರೋಗಿಗಳ ಮನೆಗಳಿಗೆ ಹೋಗುತ್ತಿದ್ದ. ಪ್ರಾರ್ಥನೆಗೆ ಮಾತು ಸಿಗದಿದ್ದಾಗ ಅವರ ಮುರಿದ ಮೆಟ್ಟಿಲನ್ನೋ ಸೋರುವ ನಲ್ಲಿಯನ್ನೋ ರಿಪೇರಿ ಮಾಡಿ ಬರುತ್ತಿದ್ದ. ಸಭೆಗೆ ಬರುವವರು ಕಡಿಮೆಯಾಗಿರಲಿಲ್ಲ. ಒಂಬತ್ತು ವರ್ಷವೂ ಪಾಸ್ಟರ್ ಇವರನ್ನು 'ನನ್ನ ಸಹಾಯಕರು' ಎಂದೇ ಪರಿಚಯಿಸುತ್ತಿದ್ದರು. ಆ ಮಾತನ್ನು ನೆನೆದು ಅವರಿಗೆ ನಾಚಿಕೆಯಾಯಿತು.

ಹಿಂತಿರುಗಿದ ದಿನ ಅವರು ಚರ್ಚಿಗಾಗಲಿ ಮನೆಗಾಗಲಿ ಹೋಗಲಿಲ್ಲ. ವೆಂಡೆಲ್‌ನನ್ನು ಜೊತೆಗೆ ಕರೆದುಕೊಂಡು ಸ್ಕ್ಯಾಗ್ಸ್ ಮನೆಯ ಬಾಗಿಲು ತಟ್ಟಿದರು. ವರ್ಲಿನ್ ಮತ್ತೂ ಸೊರಗಿದ್ದ. ಕಣ್ಣುಗಳು ಮಾತ್ರ ಹಾಗೇ ಇದ್ದವು.

"ನಿನ್ನ ನೋವನ್ನ ನಾನು ಕದ್ದೆ ವರ್ಲಿನ್. ಕ್ಷಮಿಸು ಅಂತ ಕೇಳೋಕೂ ಮುಖ ಇಲ್ಲ."

"ನೋವು ಕದ್ದಿದ್ರೆ ಒಳ್ಳೇದಾಗ್ತಿತ್ತು. ನೀನು ಕದ್ದಿದ್ದು ಮಾತ್ರೆ," ಎಂದ ವರ್ಲಿನ್. ಮಂಚದ ಪಕ್ಕದ ಕುರ್ಚಿ ತೋರಿಸಿ, "ಸಿಟ್ಟು ಪೂರ್ತಿ ಹೋಗಿಲ್ಲ ನೋಡು. ಆದ್ರೂ ಕೂತ್ಕೊ. ಎಂದಿನ ಹಾಗೆ ಪ್ರಾರ್ಥನೆ ಮಾಡು," ಎಂದ.

ಪಾಸ್ಟರ್ ಕೂತರು. ವರ್ಲಿನ್‌ನ ಕೈ ಹಿಡಿದರು. ಆಮೇಲೆ ತಲೆಯೆತ್ತಿ, "ವೆಂಡೆಲ್, ಇವತ್ತು ನೀನು ಮಾಡು. ನನಗೋಸ್ಕರನೂ ಮಾಡು," ಎಂದು ಬೇಡಿಕೊಂಡರು.

ವೆಂಡೆಲ್ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಕರ್ತನೇ, ಇವರು ವಾಪಸ್ ಬಂದ್ರು. ನಿನಗೆ ಸ್ತೋತ್ರ. ವರ್ಲಿನ್‌ಗೆ ಇವತ್ತು ನಿದ್ದೆ ಕೊಡು. ಪಾಸ್ಟ್ರನ್ನ ನಾವು ನೋಡ್ಕೋತೀವಿ, ನಮ್ಮನ್ನ ನೀನು ನೋಡ್ಕೊ. ಆಮೆನ್."

"ನೋಡಿ ಕಲಿ ಡೆನಿಸ್," ಎಂದ ವರ್ಲಿನ್, ಕಣ್ಣು ಮುಚ್ಚಿಕೊಂಡೇ. "ಪ್ರಾರ್ಥನೆ ಅಂದ್ರೆ ಇಷ್ಟುದ್ದ ಸಾಕು."

ಲೊರೆಟಾ ನಕ್ಕಳು. ಮೂವತ್ತು ವರ್ಷ ಪ್ರಸಂಗ ಮಾಡಿದ ಪಾಸ್ಟರ್ ಹಾಲ್ಕಾಂಬರಿಗೆ ಆ ಹೊತ್ತು ಒಂದೇ ಮಾತು ಬಾಯಿಗೆ ಬಂತು. ತಮ್ಮ ಸಭಾಹಿರಿಯರಿಬ್ಬರನ್ನೂ ನೋಡಿ, "ಆಮೆನ್," ಎಂದರು.