ಮೋಟರ್ ನಿಂತಾಗ ಮುದ್ದೆ

ನಮ್ಮಪ್ಪ ವೆಂಕಟರಮಣಪ್ಪ ಈಗಲೂ ದಿನಾ ಹೊಲ ಉಳುತ್ತಾನೆ. ಬೇಗೂರು ಕೆರೆ ಪಕ್ಕದ ನಮ್ಮ ಹೊಲದಲ್ಲಿ ಅಪಾರ್ಟ್‌ಮೆಂಟ್ ಎದ್ದು ವರ್ಷಗಳಾದವು. ಅಪ್ಪ ಉಳುವುದು ಕಂಪ್ಯೂಟರಿನ ಬೇಸಾಯದ ಆಟದಲ್ಲಿ. ಕಾಲೇಜಿನಲ್ಲಿದ್ದಾಗ ನಾನು ಹಟ ಹಿಡಿದು ಕೊಡಿಸಿಕೊಂಡ ಗೇಮಿಂಗ್ ಕಂಪ್ಯೂಟರ್ ಅದು. ಕೆಲಸಕ್ಕೆ ಸೇರಿದ ಮೇಲೆ ನಾನು ಆಟ ಬಿಟ್ಟೆ, ಅಪ್ಪ ಹಿಡಿದುಕೊಂಡ. ಬೆಳಿಗ್ಗೆ ಬಾಡಿಗೆಯವರ ನಲ್ಲಿ, ಮೀಟರ್ ಪಂಚಾಯಿತಿ ಮುಗಿಸಿ, ಲುಂಗಿ ಎತ್ತಿ ಕಟ್ಟಿ ಕುಳಿತನೆಂದರೆ ಊಟದ ಹೊತ್ತಿನವರೆಗೂ ಟ್ರ್ಯಾಕ್ಟರಿನಿಂದ ಇಳಿಯುವುದಿಲ್ಲ.

“ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಇವ್ರಿಗೆ ಕೆಸರೂ ಇಲ್ಲ, ಮೊಸ್ರು ಮಾತ್ರ ಗಟ್ಟೀದೇ ಬೇಕು” ಎಂದು ಅಮ್ಮ ಅಡುಗೆಮನೆಯಿಂದಲೇ ಚುಚ್ಚುತ್ತಾಳೆ. ಹಾಗಂತ ಅವಳ ಭಕ್ತಿಗೇನೂ ಕಡಿಮೆಯಿಲ್ಲ. ಹಿಂದೆ ಟ್ರ್ಯಾಕ್ಟರಿಗೆ ಮಾಡುತ್ತಿದ್ದಂತೆಯೇ ಶುಕ್ರವಾರ ಶುಕ್ರವಾರ ಕಂಪ್ಯೂಟರಿಗೂ ಕುಂಕುಮ ಇಟ್ಟು, ಸಾಂಬ್ರಾಣಿ ಹೊಗೆ ಹಾಕುತ್ತಾಳೆ.

ನನಗೆ ಆಗದಿದ್ದದ್ದು ಅದರ ಫ್ಯಾನು. ಆಟ ಶುರುವಾದರೆ ಸಾಕು, ಮನೆಯೆಲ್ಲ ಮೊರೆಯುತ್ತಿತ್ತು. ನಾನು ಮನೆಯಿಂದಲೇ ಕೆಲಸ ಮಾಡುವವಳು. “ಮಂಜುಶ್ರೀ, ಹಿಟ್ಟಿನ ಗಿರಣಿ ಪಕ್ಕ ಕೂತಿದೀರಾ?” ಎಂದು ಮೀಟಿಂಗಿನಲ್ಲಿ ನಮ್ಮ ಮ್ಯಾನೇಜರ್ ಕೇಳಿದಾಗ ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು.

ಅದೇ ವಾರ, ಕಟಾವಿನ ನಡುವೆ ಕಂಪ್ಯೂಟರ್ ಟಪ್ಪನೆ ಆರಿಹೋಯಿತು. ಅಪ್ಪ ಕಪ್ಪು ಪರದೆಯನ್ನೇ ನೋಡುತ್ತ, “ಇದೂ ಓಯ್ತಾ?” ಎಂದ. ನಾನು ಕೂಡಲೇ ರಿಪೇರಿಯವನಿಗೆ ಫೋನ್ ಮಾಡಿದೆ.

ಮೇನ್ ರೋಡಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಚಿರಂಜೀವಿ ಬಂದು ಡಬ್ಬ ಬಿಚ್ಚಿದ. “ಇದೇನಕ್ಕ, ದೇವ್ರ ಗೂಡು ತೆಗ್ದಂಗಿದೆ!” ಪ್ರೊಸೆಸರ್ ಮೇಲಿನ ಫ್ಯಾನಿಗೂ ಅದರ ಕೆಳಗಿನ ಲೋಹದ ರೆಕ್ಕೆಗಳಿಗೂ ಸಾಂಬ್ರಾಣಿಯ ಜಿಡ್ಡು ಮೆತ್ತಿತ್ತು. ಗಾಳಿ ಆಡದೆ ಅದು ಕಾದು ಆಫ್ ಆಗಿತ್ತು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

“ಇದು ಪ್ರೊಸೆಸರ್ ಜೊತೇಲೇ ಬರೋ ಸ್ಟಾಕ್ ಕೂಲರ್ ಅಕ್ಕ. ಕ್ಲೀನ್ ಮಾಡಿ, ಬಿಸಿ ಎಳ್ಕೊಳ್ಳೋ ಪೇಸ್ಟ್ ಹೊಸದಾಗಿ ಹಾಕಿದ್ರೆ ಈ ಪ್ರೊಸೆಸರ್‌ಗೆ ಇದೇ ಸಾಕು. ಸೌಂಡು ಮಾತ್ರ ಹೋಗಲ್ಲ. ಸೌಂಡೇ ಬೇಡ ಅಂದ್ರೆ ಬೇರೆ ಕಂಪ್ನಿದು ದೊಡ್ಡ ಕೂಲರ್ ಬರುತ್ತೆ.”

“ಇದ್ದಿದ್ದೇ ಇರ್ಲಿ ಬಿಡಮ್ಮಿ” ಎಂದ ಅಪ್ಪ. ನಾನು ಯಾರ ಮಾತು ಕೇಳುವವಳು? ದೊಡ್ಡದೇ ಬಂತು. ಆಟ ನಡೆಯುತ್ತಿದ್ದರೂ ಮನೆಯಲ್ಲಿ ಸದ್ದೇ ಇಲ್ಲ. ನಾನು ರಾಣಿಯ ಹಾಗೆ ಮೀಟಿಂಗ್ ಮಾಡಿದೆ.

ಮಧ್ಯಾಹ್ನ ಅಪ್ಪ ಬಂದು ಊಟಕ್ಕೆ ಕುಳಿತರೆ ತಟ್ಟೆಯಲ್ಲಿ ಏನೂ ಇಲ್ಲ. ಒಲೆಯ ಮೇಲೆ ಎಸರು ಸುಮ್ಮನೆ ಕುದಿಯುತ್ತಿತ್ತು. “ಅಯ್ಯೋ, ಮೋಟ್ರು ನಿಂತಿದ್ದು ಕೇಳ್ಲೇ ಇಲ್ವಲ್ಲ!” ಎಂದಳು ಅಮ್ಮ.

ಆಗ ನನಗೆ ಹಳೆಯದೆಲ್ಲ ನೆನಪಾಯಿತು. ಹೊಲದ ಪಂಪ್‌ಸೆಟ್ ಮೋಟರಿನ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಅಮ್ಮ ಎಸರಿಟ್ಟು ಕಾಯುವಳು. ಮೋಟರ್ ನಿಂತಿತೆಂದರೆ ಅಪ್ಪ ಹೊರಟನೆಂದು ಅರ್ಥ. ಕೂಡಲೇ ರಾಗಿಹಿಟ್ಟು ಸುರಿದು, ಕೋಲು ಹಿಡಿದು ತಿರುವುವಳು. ಅಪ್ಪ ಹಿತ್ತಲಲ್ಲಿ ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ತಟ್ಟೆಯಲ್ಲಿ ಹೊಗೆಯಾಡುವ ಮುದ್ದೆ. ಹೊಲ ಹೋದ ಮೇಲೆ ಅವಳು ಕಂಪ್ಯೂಟರಿನ ಫ್ಯಾನಿಗೆ ಕಿವಿ ಕೊಟ್ಟು ಕೂತಿದ್ದಳು. ಅದು ನನಗೆ ಗೊತ್ತೇ ಇರಲಿಲ್ಲ.

ಮಾರನೆಯ ದಿನ ಬೇಗ ತಿರುವಿದಳು. ಮುದ್ದೆ ಆರಿ ಮೇಲೆಲ್ಲ ಗಟ್ಟಿಯಾಯಿತು. ಅಪ್ಪ ಹಾಗೇ ನುಂಗಿದ. ಆಮೇಲೆ ಅಮ್ಮ ದಿನಾ ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಬಂದು ಇಣುಕುವುದು, ಹೋಗುವುದು, ಮತ್ತೆ ಇಣುಕುವುದು.

“ಎದ್ದಾಗ ಅಪ್ಪ ಒಂದು ಕೂಗು ಹಾಕಿದ್ರಾಯ್ತಮ್ಮ” ಎಂದೆ.

“ಹೊಲ್ದಾಗಿದ್ದಾಗ ಅವ್ರು ಯಾವತ್ತೂ ಕೂಗ್ಲಿಲ್ಲ, ನಾನೂ ಕರೀಲಿಲ್ಲ ಕಣೆ. ಮೋಟ್ರು ನಿಲ್ತಿತ್ತು, ನಾನು ಹಿಟ್ಟು ಸುರೀತಿದ್ದೆ. ಇವಾಗ ಒಂದೇ ಮನೇಲಿ ಇದ್ರೂ ಅವ್ರು ಎಲ್ಲವ್ರೆ ಅಂತ ಗೊತ್ತಾಗಲ್ಲ.” ಅಮ್ಮನ ಕಣ್ಣು ತುಂಬಿತು.

ಚಿರಂಜೀವಿಯನ್ನು ಮತ್ತೆ ಕರೆಸಿ, ಹಳೆಯ ಕೂಲರನ್ನೇ ಹಾಕಲು ಹೇಳಿದೆ. “ಎಲ್ರೂ ಸ್ಟಾಕ್ ತೆಗ್ಸಿ ದೊಡ್ಡದು ಹಾಕುಸ್ತಾರೆ. ನೀವು ಉಲ್ಟಾನಾ ಅಕ್ಕ?” ಎಂದು ತಲೆ ಕೆರೆದುಕೊಂಡೇ ಹಳೆಯದನ್ನು ಉಜ್ಜಿ ತೊಳೆದು ಕೂರಿಸಿಕೊಟ್ಟ. ಸಾಂಬ್ರಾಣಿಯನ್ನು ಇನ್ನು ಹೊಸಿಲಾಚೆಯಿಂದಲೇ ತೋರಿಸುವುದೆಂದು ಅಮ್ಮ ಒಪ್ಪಿದಳು.

ಮರುದಿನ ಮೀಟಿಂಗಿನ ನಡುವೆ ಮ್ಯಾನೇಜರ್, “ಗಿರಣಿ ಮತ್ತೆ ಶುರುವಾಯ್ತಾ?” ಎಂದು ಕೇಳಿದರು.

“ಗಿರಣಿ ಅಲ್ಲ ಸಾರ್, ನಮ್ಮ ಹೊಲದ ಮೋಟರ್” ಎಂದೆ. ಈ ಸಲ ಮೈ ಉರಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಆ ಸದ್ದು ಇಳಿಯಿತು. ಅಡುಗೆಮನೆಯಲ್ಲಿ ಮುದ್ದೆ ಕೋಲು ಪಾತ್ರೆಗೆ ತಾಗಿದ್ದು ಕೇಳಿಸಿತು. ಅಪ್ಪ ಕುರ್ಚಿಯಿಂದೆದ್ದು, ಒಂದು ಚೂರೂ ಕೆಸರಿಲ್ಲದ ಕಾಲನ್ನು ಹಿತ್ತಲಿಗೆ ಹೋಗಿ ತೊಳೆದುಕೊಂಡು ಬಂದು ಊಟಕ್ಕೆ ಕುಳಿತ.